ಎರಡು ಕೈಗಳ ನಡುವಿನ ನಲವತ್ತು ವರ್ಷ

ಲಿಯಾನ್ ಫ್ಲೈಶರ್ ಬಗ್ಗೆ ಬರೆದವರು ಹೆಚ್ಚುಕಮ್ಮಿ ಒಂದೇ ಕಥೆ ಹೇಳುತ್ತಾರೆ. ದೊಡ್ಡ ಪಿಯಾನೊ ವಾದಕನಿಗೆ ಬಲಗೈಯೇ ಕೈಕೊಟ್ಟಿತು, ದಶಕಗಳ ನಂತರ ಅದು ಮರಳಿತು, ಅವರು ಗೆದ್ದರು. 2004ರ ಆಲ್ಬಮ್‌ನ ಹೆಸರೇ 'ಟು ಹ್ಯಾಂಡ್ಸ್'. ಕೇಳಲು ಚೆನ್ನಾಗಿದೆ. ಆದರೆ ಮುಖ್ಯವಾದದ್ದೇ ಈ ಕಥೆಯಲ್ಲಿ ಬಿಟ್ಟುಹೋಗಿದೆ ಅನ್ನಿಸುತ್ತದೆ ನನಗೆ.

1928ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಫ್ಲೈಶರ್ ಒಂಬತ್ತನೇ ವಯಸ್ಸಿಗೆ ಆರ್ಟರ್ ಶ್ನಾಬೆಲ್ ಅವರ ಶಿಷ್ಯರಾದರು. ಹದಿನಾರಕ್ಕೆ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಜೊತೆ ಕಛೇರಿ. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಜಾರ್ಜ್ ಸೆಲ್ ನಿರ್ದೇಶನದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾದೊಂದಿಗೆ ನುಡಿಸಿದ ಬೀಥೋವನ್, ಬ್ರಾಮ್ಸ್ ಕನ್ಚರ್ಟೊಗಳ ಧ್ವನಿಮುದ್ರಣಗಳನ್ನು ಜನ ಇಂದಿಗೂ ಹುಡುಕಿ ಕೇಳುತ್ತಾರೆ. 1964ರ ಹೊತ್ತಿಗೆ ಬಲಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ತಾವಾಗಿ ಅಂಗೈಯೊಳಕ್ಕೆ ಮಡಚಿಕೊಳ್ಳತೊಡಗಿದವು. ಅದಕ್ಕೆ ಫೋಕಲ್ ಡಿಸ್ಟೋನಿಯಾ ಎಂಬ ಹೆಸರು ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ.

ಬಾಲ್ಟಿಮೋರ್‌ನ ಪೀಬಾಡಿ ಸಂಗೀತ ಶಾಲೆಯಲ್ಲಿ ಅವರು 1959ರಿಂದಲೇ ಪಾಠ ಹೇಳುತ್ತಿದ್ದರು. ಅಲ್ಲಿಯವರೆಗೆ ಶಿಷ್ಯ ತಡವರಿಸಿದರೆ ತಾವೇ ನುಡಿಸಿ ತೋರಿಸಬಹುದಿತ್ತು. ಈಗ ಆ ದಾರಿ ಮುಚ್ಚಿತು. ಈ ಸ್ವರ ಮುಂದಿನದಕ್ಕೆ ಏಕೆ ವಾಲುತ್ತದೆ, ಎಲ್ಲಿ ತುಸು ಕಾಯಬೇಕು, ಎಲ್ಲವನ್ನೂ ಮಾತಿನಲ್ಲೇ ಹೇಳಬೇಕಾಯಿತು. ನುಡಿಸಿ ತೋರಿಸಿದ್ದನ್ನು ಶಿಷ್ಯ ನಕಲು ಮಾಡಬಲ್ಲ. ಮಾತನ್ನು ನಕಲು ಮಾಡಲಾಗದು. ಅದು ಅವನ ಬೆರಳಲ್ಲೇ ಮತ್ತೊಮ್ಮೆ ಸ್ವರವಾಗಬೇಕು. ಯೆಫಿಮ್ ಬ್ರಾನ್ಫ್‌ಮನ್, ಜೊನಾಥನ್ ಬಿಸ್ ಇಬ್ಬರೂ ಅವರಲ್ಲಿ ಕಲಿತವರು. ಒಬ್ಬರ ವಾದನ ಇನ್ನೊಬ್ಬರದನ್ನು ಹೋಲುವುದಿಲ್ಲ. ಆ ಪಾಠದ ಗುಣ ನನಗೆ ಕಾಣುವುದು ಇಲ್ಲೇ.

ಹಾಗೆಂದು ನಷ್ಟವನ್ನು ವರ ಅನ್ನುವುದು ಕ್ರೂರವಾದೀತು. ಆತ್ಮಹತ್ಯೆಯ ಯೋಚನೆಯೂ ಬಂದಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಾಲ್ ವಿಟ್ಗೆನ್‌ಸ್ಟೈನ್ ಬರೆಸಿಕೊಂಡಿದ್ದ ಎಡಗೈ ಕೃತಿಗಳು, ಅದರಲ್ಲೂ ರಾವೆಲ್‌ನ ಕನ್ಚರ್ಟೊ, ಅವರನ್ನು ವೇದಿಕೆಯ ಮೇಲೆ ಉಳಿಸಿದವು. 1982ರಲ್ಲಿ ಬಾಲ್ಟಿಮೋರ್‌ನ ಹೊಸ ಸಭಾಂಗಣದಲ್ಲಿ ಎರಡೂ ಕೈಗಳಿಂದ ಫ್ರಾಂಕ್‌ನ ಕೃತಿ ನುಡಿಸಿದಾಗ ಜನ ಸಂಭ್ರಮಿಸಿದರು. ಕೈ ಸರಿಹೋಗಿಲ್ಲವೆಂಬುದು ನುಡಿಸಿದವರಿಗೆ ಗೊತ್ತಿತ್ತು. ಮತ್ತೆ ಎಡಗೈಗೇ ಮರಳಿದರು. ತೊಂಬತ್ತರ ದಶಕದಲ್ಲಿ ಬೊಟಾಕ್ಸ್ ಚುಚ್ಚುಮದ್ದು ಬೆರಳುಗಳನ್ನು ಸಡಿಲಿಸಿತು, ರೋಗ ವಾಸಿಯಾಗಲಿಲ್ಲ. ಆಲ್ಬಮ್‌ನ ಹೆಸರು ಇದನ್ನು ಹೇಳುವುದಿಲ್ಲ, ಮಾರುವವರು ಹೇಳುವುದೂ ಇಲ್ಲ.

ಆ ಆಲ್ಬಮ್‌ನಲ್ಲಿ ಶೂಬರ್ಟ್‌ನ ಕೊನೆಯ ಸೊನಾಟಾ ಇದೆ. ಯೌವನದಲ್ಲೂ ಅವರು ಅದನ್ನು ಧ್ವನಿಮುದ್ರಿಸಿದ್ದರು. ಎರಡನ್ನೂ ಒಟ್ಟಿಗೆ ಕೇಳಿನೋಡಿ. ಇಳಿವಯಸ್ಸಿನ ವಾದನ ಹೆಚ್ಚು ಶುದ್ಧವೆಂದು ನಾನು ಹೇಳಲಾರೆ. ಆದರೆ ಮೌನಗಳನ್ನು ಗಮನಿಸಿ. ಶಿಷ್ಯರಿಗೆ ಕಾಯುವುದನ್ನು ಬಾಯಲ್ಲಿ ಹೇಳಿ ಹೇಳಿ ಪಳಗಿದವರ ನಿಧಾನ ಅಲ್ಲಿದೆ. ಮೊದಲ ಸಲ ಕೇಳುವಾಗ ನಾನೂ ಎಲ್ಲರಂತೆ ಬಲಗೈಯನ್ನೇ ಪರೀಕ್ಷಿಸುತ್ತ ಕೂತಿದ್ದೆ, ಆ ಎರಡು ಬೆರಳು ಎಲ್ಲಿ ಎಡವುತ್ತವೋ ಎಂದು. ಶಾಂತವಾದ ಮೊದಲ ಸಾಲು ಮುಗಿಯುತ್ತಿದ್ದಂತೆ ಮಂದ್ರದಲ್ಲಿ, ದೂರದ ಗುಡುಗಿನಂತೆ, ಒಂದು ಸಣ್ಣ ಕಂಪನ ಕೇಳಿಸುತ್ತದೆ. ಅದನ್ನು ನುಡಿಸುವುದು ಎಡಗೈ.