ಓದದೆ ಬಿಟ್ಟ ಪಾಠಗಳು



ಜಗಳೂರು ತಾಲ್ಲೂಕಿನ ಬಿಳಿಚೋಡಿನಂತಹ ಒಂದು ಹೋಬಳಿ ಕೇಂದ್ರದಲ್ಲಿ ಮನೆಮನೆಯ ಗೋಡೆಗೂಡುಗಳನ್ನು ಹುಡುಕಿದರೆ ಎಷ್ಟು ಪುಸ್ತಕಗಳು ದೊರೆತಾವು? ಗೋಡೆಗೆ ತೂಗುಹಾಕಿದ ಒಂದು ಪಂಚಾಂಗ, ದೇವರ ಪುಸ್ತಕ ಒಂದೋ ಎರಡೋ, ಉಳಿದಂತೆ ಸರ್ಕಾರವು ಮಕ್ಕಳಿಗೆ ಉಚಿತವಾಗಿ ಹಂಚಿದ ಪಠ್ಯಪುಸ್ತಕಗಳು. ಮಳೆಯನ್ನೇ ನಂಬಿ ಮೆಕ್ಕೆಜೋಳ, ಶೇಂಗಾ ಬಿತ್ತುವ ಈ ಬರದ ಸೀಮೆಯ ಬಹುಪಾಲು ಕುಟುಂಬಗಳಿಗೆ ಕಥೆ, ಕವಿತೆ, ಪ್ರಬಂಧ ಎಂಬವು ಪ್ರವೇಶಿಸುವುದು ಆ ಒಂದೇ ಬಾಗಿಲಿನಿಂದ. ನಮ್ಮ ಧರ್ಮಕೇಂದ್ರಗಳ ಮನೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವೇನಲ್ಲ. ಆದುದರಿಂದ ಕನ್ನಡ ಪಠ್ಯಪುಸ್ತಕವನ್ನು ಸಾಹಿತ್ಯಕೃತಿಯೆಂದು ಭಾವಿಸಿ ವಿಮರ್ಶಿಸುವುದು ವಿಚಿತ್ರವೆನಿಸಬೇಕಾಗಿಲ್ಲ. ನಿಮ್ಮ ಮಗನೋ ಮಗಳೋ ಜೀವಮಾನದಲ್ಲಿ ಆದ್ಯಂತವಾಗಿ ಓದುವ ಕೆಲವೇ ಸಾಹಿತ್ಯಗ್ರಂಥಗಳಲ್ಲಿ ಅದೂ ಒಂದು.

ಈ ಪುಸ್ತಕದ ಸುತ್ತ 2022 ಮತ್ತು 2023ರಲ್ಲಿ ನಡೆದುದನ್ನು ನೆನಪಿಗೆ ತಂದುಕೊಳ್ಳಿ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದಿಂದಾಗಿ ರಾಜ್ಯದ ಪ್ರೌಢಶಾಲೆ, ಕಾಲೇಜುಗಳು ಕೆಲವು ದಿನ ಬಾಗಿಲು ಮುಚ್ಚಿದ್ದವು. ಅದಾದ ಕೆಲವೇ ತಿಂಗಳಲ್ಲಿ, ರೋಹಿತ್ ಚಕ್ರತೀರ್ಥರ ಅಧ್ಯಕ್ಷತೆಯ ಸಮಿತಿಯು ಪರಿಷ್ಕರಿಸಿದ ಪುಸ್ತಕಗಳು ಹೊರಬಂದವು. 10ನೇ ತರಗತಿಯ ಕನ್ನಡದಲ್ಲಿ ಪಿ. ಲಂಕೇಶರ ‘ಮೃಗ ಮತ್ತು ಸುಂದರಿ’, ಎ.ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’, ಸಾರಾ ಅಬೂಬಕ್ಕರ್ ಅವರ ‘ಯುದ್ಧ’ ಹೊರಗಾದವು. ಕೇಶವ ಬಲಿರಾಮ ಹೆಡಗೇವಾರರ ಭಾಷಣವೊಂದು ‘ನಿಜವಾದ ಆದರ್ಶ ಪುರುಷ ಯಾರಾಗಬೇಕು?’ ಎಂಬ ಶೀರ್ಷಿಕೆಯಲ್ಲಿ ಒಳಬಂತು. ಬಸವಣ್ಣನವರ ಪಾಠವನ್ನು ಕುರಿತು ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿಯವರು ಆಕ್ಷೇಪವೆತ್ತಿದರು. ದೇವನೂರ ಮಹಾದೇವರು ‘ಎದೆಗೆ ಬಿದ್ದ ಅಕ್ಷರ’ ಎಂಬ ತಮ್ಮ ಪಾಠಕ್ಕೆ ಕೊಟ್ಟಿದ್ದ ಅನುಮತಿಯನ್ನೇ ಹಿಂಪಡೆದರು. ಮರುವರ್ಷ ಸರ್ಕಾರ ಬದಲಾಯಿತು. 2023ರ ಜೂನ್ 15ರಂದು ಸಚಿವ ಸಂಪುಟವು ಹೆಡಗೇವಾರ್ ಹಾಗೂ ಸಾವರ್ಕರ್ ಪಾಠಗಳನ್ನು ಕೈಬಿಡಲು ತೀರ್ಮಾನಿಸಿತು. ಅಷ್ಟರಲ್ಲಿ ಪುಸ್ತಕಗಳು ಅಚ್ಚಾಗಿ ಶಾಲೆಗಳನ್ನು ತಲುಪಿದ್ದವು. ಬೋಧಿಸಬಾರದ ಪಾಠಗಳು ಪುಸ್ತಕದಲ್ಲೇ ಉಳಿದು, ಬೋಧಿಸಬೇಕಾದವು ಪ್ರತ್ಯೇಕ ಪುಸ್ತಿಕೆಯಾಗಿ ಬರಬೇಕಾಯಿತು. ಹದಿನೈದು ವರ್ಷದ ಮಗುವಿಗೆ ಇದಕ್ಕಿಂತ ಪ್ರಭಾವಶಾಲಿಯಾದ ಬೇರೊಂದು ಪಾಠ ಆ ವರ್ಷ ಸಿಕ್ಕಿರಲಾರದು: ಹಿರಿಯರು ಕಲಿಸುವ ಮೌಲ್ಯವು ಚುನಾವಣೆಯ ಫಲಿತಾಂಶದೊಂದಿಗೆ ಬದಲಾಗುತ್ತದೆ!

ನನ್ನ ತಕರಾರು ಯಾವುದೊಂದು ಪಕ್ಷದ ಮೇಲಲ್ಲ. ಯಾರ ಹೆಸರಿರಬೇಕು, ಯಾರದಿರಬಾರದು ಎಂದು ಎರಡೂ ಪಾಳಯದವರು ಗಂಟಲು ಹರಿದುಕೊಂಡರು. ಪಾಠವನ್ನು ತೆರೆದು ಓದಿದವರು ವಿರಳ. ಹೆಡಗೇವಾರರ ಪಾಠವನ್ನೇ ನೋಡಿ. ಅದರ ವಾದ ಸಾಗುವುದು ಹೀಗೆ: ಮನುಷ್ಯ ಅಳಿಯುವವನು, ಎಡವಬಹುದಾದವನು, ಆದುದರಿಂದ ವ್ಯಕ್ತಿಗಿಂತ ತತ್ತ್ವವನ್ನು ಮುಂದಿಟ್ಟುಕೊಂಡು ಬಾಳುವುದು ಮೇಲು. ವ್ಯಕ್ತಿಯನ್ನು ಬಿಟ್ಟು ತತ್ತ್ವವನ್ನು ಹಿಡಿಯಿರೆನ್ನುವ ಈ ಪಾಠವನ್ನು ಸೇರಿಸಿದವರೂ ತೆಗೆದವರೂ ನೋಡಿದ್ದು ಬರೆದ ವ್ಯಕ್ತಿಯನ್ನೇ ಎಂಬುದು ಸೋಜಿಗವಲ್ಲವೇ? ಇನ್ನು ಸಾಹಿತ್ಯದ ದೃಷ್ಟಿಯಿಂದ ಹೇಳುವುದಾದರೆ ಅದೊಂದು ಭಾಷಣ. ತೀರ್ಮಾನವನ್ನು ಮೊದಲೇ ಸಿದ್ಧಪಡಿಸಿ ಮುಂದಿಡುತ್ತದೆ. ಕೇಳುವವನಿಗೆ ತಲೆದೂಗುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಪ್ರಬೋಧನೆ ಮಾಡುವ ಗುರುಗಳಿಗೆ ಈ ಪ್ರಕಾರದ ಮಿತಿ ಚೆನ್ನಾಗಿ ಗೊತ್ತು: ಉಪದೇಶ ನಡೆಯುವಾಗ ಮಕ್ಕಳು ಫ್ಯಾನಿನ ಕಡೆ ನೋಡುತ್ತಾರೆ, ಕಥೆ ಆರಂಭವಾದೊಡನೆ ಗುರುಗಳ ಕಡೆ ತಿರುಗುತ್ತಾರೆ.

8ನೇ ತರಗತಿಯ ಕನ್ನಡ ಪುಸ್ತಕಕ್ಕೆ 2022ರಲ್ಲಿ ಬಂದು 2023ರಲ್ಲಿ ಹೊರನಡೆದ ಕೆ.ಟಿ. ಗಟ್ಟಿಯವರ ‘ಕಾಲವನ್ನು ಗೆದ್ದವರು’ ಬೇರೊಂದು ಬಗೆಯದು. ಅಂಡಮಾನಿನ ಸೆರೆಮನೆಯ ದರ್ಶನದ ಆ ಬರಹದಲ್ಲಿ, ಕಿಂಡಿಯೂ ಇಲ್ಲದ ಕೋಣೆಯೊಳಕ್ಕೆ ಬುಲ್‌ಬುಲ್ ಹಕ್ಕಿಗಳು ಬರುತ್ತಿದ್ದವೆಂದೂ, ಅವುಗಳ ರೆಕ್ಕೆಯ ಮೇಲೆ ಕುಳಿತು ಸಾವರ್ಕರರು ತಾಯ್ನಾಡನ್ನು ಸಂದರ್ಶಿಸಿ ಬರುತ್ತಿದ್ದರೆಂದೂ ಅರ್ಥ ಬರುವ ಮಾತೊಂದಿದೆ. ಒಂದು ಗುಂಪು ನಕ್ಕಿತು, ಇನ್ನೊಂದು ಗುಂಪು ಸಿಡಿಮಿಡಿಗೊಂಡಿತು. ಅದು ಅಲಂಕಾರವೆಂಬ ಸಮರ್ಥನೆಯೂ ಬಂತು. ಅಲಂಕಾರವೇ ಹೌದು, ಸೆರೆಯಾಳಿನ ಮನಸ್ಸು ಹಾರಿಹೋಗುವುದನ್ನು ಹೇಳಲು ಹಕ್ಕಿಯನ್ನು ತಂದರೆ ದೋಷವಿಲ್ಲ. ಆದರೆ ಕೋಣೆಯ ವಾಸ್ತವ ವರ್ಣನೆಯ ನಡುವೆ ಯಾವ ಸೂಚನೆಯೂ ಇಲ್ಲದೆ ಅದು ಬಂದುಬಿಡುತ್ತದೆ. ಹದಿಮೂರರ ಮಗು ಅದನ್ನು ನಡೆದ ಸಂಗತಿಯೆಂದೇ ತಿಳಿದರೆ ಮಗುವನ್ನು ದೂರುವಂತಿಲ್ಲ. ಇದು ಗದ್ಯದ ಕುಂದು, ದೇಶಭಕ್ತಿಯದಲ್ಲ. ಇಲ್ಲಿ ಸಂಗತಿ ಯಾವುದು, ಕಲ್ಪನೆ ಯಾವುದು ಎಂದು ಬಿಡಿಸಿ ತೋರಿಸಿದ್ದರೆ, ಮೊಬೈಲಿಗೆ ಬಂದುದೆಲ್ಲವನ್ನೂ ನಂಬುವ ಕಾಲದಲ್ಲಿ ಮಕ್ಕಳಿಗೆ ಅದೊಂದೇ ವರ್ಷಕ್ಕಾಗುವಷ್ಟು ವಿದ್ಯೆಯಾಗುತ್ತಿತ್ತು. ಆ ಅವಕಾಶ ನಗೆಯಲ್ಲೂ ಕೋಪದಲ್ಲೂ ಕಳೆದುಹೋಯಿತು.

ಇಲ್ಲೊಂದು ಕಾಕತಾಳೀಯವನ್ನು ಗಮನಿಸಿ. ಒಂದು ಸರ್ಕಾರ ಹೊರಗಿಟ್ಟ ಸಾರಾ ಅಬೂಬಕ್ಕರ್, ಇನ್ನೊಂದು ಸರ್ಕಾರ ಹೊರಗಿಟ್ಟ ಕೆ.ಟಿ. ಗಟ್ಟಿ, ಇಬ್ಬರೂ ಕಾಸರಗೋಡಿನ ನೆಲದಲ್ಲಿ ಹುಟ್ಟಿದವರು. 1956ರಲ್ಲಿ ರಾಜ್ಯಗಳ ಗಡಿ ಬರೆಯುವಾಗ ಕೇರಳದ ಪಾಲಾದರೂ ಕನ್ನಡವನ್ನು ಬಿಡದ ಸೀಮೆಯದು. ಸಾರಾ ಅವರು 2023ರ ಜನವರಿಯಲ್ಲಿ, ಗಟ್ಟಿಯವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಜೀವಮಾನವಿಡೀ ಬರೆದ ಈ ಹಿರಿಯರಿಬ್ಬರೂ ಕೊನೆಯ ವರ್ಷಗಳಲ್ಲಿ ಪಟ್ಟಿಯೊಂದರ ಹೆಸರುಗಳಾಗಿಬಿಟ್ಟರು.

ಈಗ ‘ಯುದ್ಧ’ಕ್ಕೆ ಬರೋಣ. 2022ರಲ್ಲಿ ಹೊರಗಾಗಿ 2023ರಲ್ಲಿ ಮರಳಿದ ಈ ಕಥೆಯಲ್ಲಿ ರಾಹಿಲನೆಂಬ ಸೇನಾ ವೈದ್ಯನಿದ್ದಾನೆ. ಅವನಿದ್ದ ವಿಮಾನಕ್ಕೆ ಗುಂಡು ತಗಲುತ್ತದೆ. ಗಾಯಗೊಂಡ ಅವನು ಕತ್ತಲಲ್ಲಿ ತೆವಳುತ್ತ ಮನೆಯೊಂದರ ಬಾಗಿಲು ತಟ್ಟುತ್ತಾನೆ. ಅದು ಶತ್ರುವಿನ ನೆಲ. ಯುದ್ಧಕಾಲದ ನಿಯಮದಂತೆ ದೀಪ ಹಚ್ಚುವಂತಿಲ್ಲ. ಒಳಗೆ ಒಬ್ಬ ಮುದುಕಿ, ಹೆರಿಗೆ ನೋವಿನಲ್ಲಿ ನರಳುತ್ತಿರುವ ಸೊಸೆ. ಗಾಯಾಳುವಿಗೆ ವೈದ್ಯನ ನೆನಪಾಗುತ್ತದೆ. ತನ್ನ ನೋವನ್ನು ನುಂಗಿ ಆ ಹೆಣ್ಣುಮಗಳ ಶುಶ್ರೂಷೆಗೆ ನಿಲ್ಲುತ್ತಾನೆ. ಅನಂತರ ಅವನನ್ನು ಹುಡುಕುತ್ತ ಸೈನಿಕರು ಬರುತ್ತಾರೆ. ಬಂದವರು ಮುದುಕಿಯ ದೇಶದವರೇ. ಆಕೆ ಅವನನ್ನು ಒಪ್ಪಿಸುವುದಿಲ್ಲ.

ಕಥೆಗೆ ದೌರ್ಬಲ್ಯವಿಲ್ಲವೆಂದಲ್ಲ. ಯುದ್ಧದ ನಿರರ್ಥಕತೆಯ ಮಾತು ಬರುವಲ್ಲಿ ಮುದುಕಿಯ ದನಿಯೊಳಗಿಂದ ಲೇಖಕಿಯೇ ಮಾತನಾಡಿದಂತೆ ತೋರುತ್ತದೆ. ಕತ್ತಲೆಯ ಮನೆ, ಬಾಗಿಲ ಸದ್ದು, ಹೆರಿಗೆ ನೋವು ಆ ಮಾತನ್ನು ಆಗಲೇ ಹೇಳಿ ಮುಗಿಸಿವೆ. ಆದರೂ ಮಗುವಿಗೆ ಮಾಡಲು ಕೆಲಸವನ್ನು ಈ ಕಥೆ ಕೊಡುತ್ತದೆ. ಮುದುಕಿ ಮಾಡಿದ್ದು ಸರಿಯೇ? ತನ್ನ ದೇಶದ ಸೈನಿಕರಿಂದ ಸತ್ಯವನ್ನು ಮುಚ್ಚಿಡಬಹುದೇ? ಉಪಕಾರ ಮಾಡಿದವನಾದ್ದರಿಂದ ಉಳಿಸಿದಳೋ, ಏನೂ ಮಾಡದವನಾಗಿದ್ದರೂ ಉಳಿಸುತ್ತಿದ್ದಳೋ? ಇವುಗಳಿಗೆ ಪುಟದ ಕೊನೆಯಲ್ಲಿ ಉತ್ತರವಿಲ್ಲ.

ಯೇಸುಸ್ವಾಮಿಯ ವಿಧಾನವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ನೆರೆಯವನು ಯಾರೆಂದು ಕೇಳಿದ ಧರ್ಮಶಾಸ್ತ್ರಿಗೆ ಅವರು ವ್ಯಾಖ್ಯೆಯನ್ನು ಕೊಡಲಿಲ್ಲ. ಜೆರಿಕೋವಿನ ದಾರಿಯ ಕಥೆ ಹೇಳಿ, ಪ್ರಶ್ನೆಯನ್ನು ಅವನಿಗೇ ಮರಳಿಸಿದರು. ಲೂಕನ ಶುಭಸಂದೇಶದ 10ನೇ ಅಧ್ಯಾಯವನ್ನು ಎಚ್ಚರದಿಂದ ಓದಿದರೆ ಒಂದು ಸೂಕ್ಷ್ಮ ಕಾಣುತ್ತದೆ. ಉತ್ತರ ಹೇಳುವಾಗ ಆ ಶಾಸ್ತ್ರಿಯು ‘ಸಮಾರಿಯದವನು’ ಎಂಬ ಹೆಸರನ್ನು ಉಚ್ಚರಿಸುವುದಿಲ್ಲ. ದಯೆ ತೋರಿದವನೆಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಆ ಜನಾಂಗದ ಹೆಸರು ಅವನ ಗಂಟಲಿನಲ್ಲಿ ಸಿಕ್ಕಿಕೊಂಡಿರಬೇಕು. ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಯಾವ ಹೆಸರುಗಳು ಹಾಗೆ ಸಿಕ್ಕಿಕೊಳ್ಳುತ್ತವೆ, ಯಾವುವು ಹೀಯಾಳಿಕೆಯಾಗಿ ಹೊರಬರುತ್ತವೆ ಎಂಬುದನ್ನು ಮಕ್ಕಳು ಯಾವ ಪಠ್ಯಕ್ಕಿಂತಲೂ ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಿರುತ್ತಾರೆ. ಅಲ್ಪಸಂಖ್ಯಾತರೆಂಬ ಕಾರಣಕ್ಕೆ ಕ್ರೈಸ್ತ ಕುಟುಂಬಗಳು ಈ ವಿಷಯದಲ್ಲಿ ನಿರ್ಮಲವಾಗಿವೆಯೆಂದು ನಾನು ನಂಬುವುದಿಲ್ಲ; ನೀವೂ ನಂಬಲಾರಿರಿ.

ಶಾಲೆಯ ಮಾತಿಗೆ ಮರಳಿದರೆ, ‘ಯುದ್ಧ’ದಂತಹ ಕಥೆ ಪುಸ್ತಕಕ್ಕೆ ಮರಳಿ ಬಂದ ಮಾತ್ರಕ್ಕೆ ಕೆಲಸವಾಗಲಿಲ್ಲ. ರಾಹಿಲ ಯಾರು, ಮನೆಯಲ್ಲಿ ದೀಪವೇಕಿರಲಿಲ್ಲ ಎಂದು ಒಂದೊಂದು ಅಂಕದ ಪ್ರಶ್ನೆಗಳಾಗಿ ಕಥೆ ಒಡೆದುಹೋಗುತ್ತದೆ. ಗೈಡಿನ ಉತ್ತರವನ್ನು ಬಾಯಿಪಾಠ ಮಾಡಿದ ಮಗು ಮುದುಕಿಯನ್ನು ಒಮ್ಮೆಯೂ ಭೇಟಿಯಾಗದೆ ಪೂರ್ಣಾಂಕ ಪಡೆಯಬಹುದು. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿರುವ ಅಧ್ಯಾಪಕರನ್ನು ದೂರಿ ಪ್ರಯೋಜನವಿಲ್ಲ. ಮಿಕ್ಕ ಕೆಲಸ ಮನೆಗೆ ಸೇರಿದ್ದು.

ಮನೆಯಲ್ಲಿ ಹೇಳಬಹುದಾದ ಸಂಗತಿಗಳಿಗೂ ಬಡತನವಿಲ್ಲ. ಜಗಳೂರು ತಾಲ್ಲೂಕು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಆ ಚಿತ್ರದುರ್ಗ ಕ್ಷೇತ್ರದಿಂದ ಜಗಳೂರಿನ ಜೆ. ಮಹಮದ್ ಇಮಾಂ ಅವರು 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದಲೂ 1967ರಲ್ಲಿ ಸ್ವತಂತ್ರ ಪಕ್ಷದಿಂದಲೂ ಲೋಕಸಭೆಗೆ ಆಯ್ಕೆಯಾದರು. ಮುಸ್ಲಿಮರು ಅಲ್ಪಸಂಖ್ಯಾತರಾಗಿರುವ ಕ್ಷೇತ್ರ ಅದು. ಮತ ಹಾಕಿದವರು ಬಿಳಿಚೋಡಿನ ಇಂದಿನ ಮಕ್ಕಳ ಮುತ್ತಜ್ಜ, ಮುತ್ತಜ್ಜಿಯರು. ಅವರು ಏನನ್ನು ನೋಡಿ ಮತ ಕೊಟ್ಟರೆಂದು ಮನೆಯ ಹಿರಿಯರನ್ನು ಕೇಳಿಬರಲು ಮಕ್ಕಳಿಗೆ ಹೇಳಿದರೆ, ಯಾವ ಸಮಿತಿಯೂ ಸೇರಿಸಲಾಗದ, ತೆಗೆಯಲೂ ಆಗದ ಪಾಠವೊಂದು ಸಿಕ್ಕೀತು.

‘ಯುದ್ಧ’ ದೀರ್ಘವಾದ ಕಥೆಯೇನಲ್ಲ. ಊಟವಾದ ಮೇಲೆ ಒಂದೇ ಕೂರಿಕೆಯಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದು. ನಿಮ್ಮ ಮನೆಯಲ್ಲಿ ಪುಸ್ತಕವಿಲ್ಲವಾದರೆ 10ನೇ ತರಗತಿ ಮುಗಿಸಿದ ನೆರೆಮನೆಯ ಮಕ್ಕಳಿಂದ ತರಿಸಿಕೊಳ್ಳಿ. ಸೈನಿಕರು ಬಾಗಿಲಿಗೆ ಬರುವ ಘಟ್ಟದಲ್ಲಿ ಓದು ನಿಲ್ಲಿಸಿ, ಮುದುಕಿ ಏನು ಹೇಳಬೇಕೆಂದು ಮಕ್ಕಳನ್ನು ಕೇಳಿ. ಅವರು ಯೋಚಿಸುವಷ್ಟು ಹೊತ್ತು ಟಿ.ವಿ. ಆರಿಸಿರಲಿ.