ಐವತ್ತಕ್ಕೆ ಎಷ್ಟು ಕೊಡೋಣ?

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳು ಆಗಾಗ ಒಂದೆಡೆ ಸೇರಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ರುಚಿ ನೋಡುತ್ತಾರೆ. ಎಲ್ಲರಿಗೂ ಎರಡು ಮೂರು ಗುಟುಕು, ಜೊತೆಗೊಂದು ಪೆನ್ನು, ಒಂದು ಹಾಳೆ. ಕುಡಿತದ ಕೂಟವೆಂದುಕೊಂಡು ಹೋದವರಿಗೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರಕ್ಕೆ ಬಂದ ಹಾಗಾಗುತ್ತದೆ. ನನ್ನ ಕಸುಬು ಲೆಕ್ಕ ಪರಿಶೋಧನೆ. ಹಾಗಾಗಿ ನನ್ನ ಕಣ್ಣು ಬಿಯರಿಗಿಂತ ಮೊದಲು ಆ ಹಾಳೆಯ ಮೇಲೆ ಹೋಗುತ್ತದೆ. ಒಂದು ರುಚಿಯನ್ನು ಅಂಕಕ್ಕೆ ಇಳಿಸುವುದು ಎಷ್ಟರಮಟ್ಟಿಗೆ ನ್ಯಾಯ ಎಂಬುದೇ ಇಲ್ಲಿ ನನ್ನ ಪ್ರಶ್ನೆ.

ಈ ಹಾಳೆ ಯಾಕೆ ಬೇಕಾಯಿತು ಎಂಬುದಕ್ಕೆ ಕಾರಣವಿದೆ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಯ ಬಿಯರಿಗೆ ಕೇಂದ್ರ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ. ಆದರೆ ಮಾರುವಂತಿಲ್ಲ. ಮಾರದ ವಸ್ತುವಿಗೆ ಬೆಲೆಯಿಲ್ಲ, ಗಿರಾಕಿಯ ದೂರೂ ಇಲ್ಲ. ಉಳಿದವರು ಗೆಳೆಯರು, ಅವರು ‘ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ಮಾಡಿದವನದಂತೂ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಕತೆ. ಇಂಥ ಕಡೆ ಹೊರಗಿನ ಪರಿಶೋಧಕ ಬೇಕೇ ಬೇಕು. 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ ಆ ಕೆಲಸಕ್ಕೆ ಜನರನ್ನು ಪರೀಕ್ಷೆ ಮಾಡಿ ತಯಾರು ಮಾಡುತ್ತದೆ.

ಅವರ ಹಾಳೆಯಲ್ಲಿ ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಮೈಗಟ್ಟಿಗೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಅಂದಚಂದಕ್ಕೆ ಮೂರೇ ಅಂಕ ಇಟ್ಟಿದ್ದಾರಲ್ಲ, ಅದು ನನಗೆ ಬಹಳ ಹಿಡಿಸಿತು. ಇನ್ನೂ ದೊಡ್ಡ ಗುಣವೆಂದರೆ ಅಂಕದ ಪಕ್ಕದಲ್ಲಿ ಕಾರಣ ಬರೆಯಬೇಕು. ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್, ಹಸಿರು ಸೇಬಿನಂತಿದ್ದರೆ ಅಸಿಟಾಲ್ಡಿಹೈಡ್, ಬೇಯಿಸಿದ ಜೋಳದಂತಿದ್ದರೆ ಡಿಎಂಎಸ್. ಕಾರಣ ಗೊತ್ತಾದರೆ ಮುಂದಿನ ಸಲ ಎಲ್ಲಿ ತಿದ್ದಬೇಕೆಂದು ತಿಳಿಯುತ್ತದೆ. ಬೆಣ್ಣೆಯ ವಾಸನೆ ಉಳಿದಿದ್ದರೆ, ಸಾಮಾನ್ಯವಾಗಿ ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಅವಸರ ಮಾಡಿದ್ದೀರಿ ಎಂದರ್ಥ. ಸಾಹಿತ್ಯ ವಿಮರ್ಶೆಯಲ್ಲಿ ನಮಗೆ ಇಷ್ಟು ಉಪಯೋಗಕ್ಕೆ ಬರುವ ಮಾತು ಸಿಗುವುದು ಅಪರೂಪ.

ಗುಣದೋಷಗಳನ್ನು ಹಾಳೆ ಶೈಲಿಗೆ ಕಟ್ಟಿಹಾಕುತ್ತದೆ. ಬಾಳೆಹಣ್ಣಿನ ಪರಿಮಳ ಕೊಡುವ ಐಸೊಅಮೈಲ್ ಅಸಿಟೇಟ್ ಜರ್ಮನಿಯ ಗೋಧಿ ಬಿಯರಿನಲ್ಲಿ ಇರಲೇಬೇಕು, ಪಿಲ್ಸ್ನರಿನಲ್ಲಿ ಬಂದರೆ ದೋಷ. ಇದು ಸರಿಯೇ. ರಸಂ ಮಾಡುತ್ತೇನೆಂದವರು ಹುಳಿ ಬಡಿಸಿದರೆ ನಾವೂ ಕೇಳುತ್ತೇವೆ. ಆದರೆ ನಿಯಮ ಪಾಲನೆಯಾಗಿದೆಯೇ ಎಂದು ನೋಡುವುದು ಬೇರೆ, ಲೆಕ್ಕ ನಿಜವಾದ ಚಿತ್ರಣ ಕೊಡುತ್ತಿದೆಯೇ ಎಂದು ನೋಡುವುದು ಬೇರೆ. ನಮ್ಮ ಕೂಟಕ್ಕೆ ಕನ್ನಡದ ಗೆಳೆಯರೊಬ್ಬರು ಮೊಳಕೆ ಕಟ್ಟಿ ಹುರಿದ ರಾಗಿಯ ಬಿಯರ್ ತಂದರು. ಬೇರೆ ಧಾನ್ಯಗಳಿಗೂ ನಿಯಮದಲ್ಲಿ ಒಂದು ವರ್ಗವಿದೆ, ತಕರಾರು ಅದಲ್ಲ. ಒಬ್ಬರು ಹಾಳೆಯಲ್ಲಿ ‘ಮಣ್ಣಿನ ವಾಸನೆ’ ಎಂದು ಬರೆದು ಅಂಕ ಕಳೆದರು. ಅದು ಹುರಿಹಿಟ್ಟಿನ ಘಮ ಎಂದು ನನಗೆ ಗೊತ್ತು. ರಾಗಿಯನ್ನೇ ಕಾಣದ ಮೂಗಿಗೆ ಹೋಲಿಸಲು ಏನೂ ಇರಲಿಲ್ಲ. ಅದು ಅವರ ದ್ವೇಷವಲ್ಲ. ಅಳತೆಗೋಲು ಒಂದು ಊರಿನಲ್ಲಿ ತಯಾರಾದಾಗ ಹೀಗಾಗುತ್ತದೆ.

ನಮ್ಮ ನಾಲಿಗೆಗೂ ಅನುಕೂಲಗಳಿವೆ. ಹೊಸಬರು ಕಹಿಯನ್ನೂ ಒಗರನ್ನೂ ಒಂದೇ ಇಂಗ್ಲಿಷ್ ಪದದಲ್ಲಿ ಬರೆದುಬಿಡುತ್ತಾರೆ. ಹಾಪ್ಸ್ ಹೂವಿನಿಂದ ಬರುವುದು ಕಹಿ. ಧಾನ್ಯದ ಸಿಪ್ಪೆಯನ್ನು ಅತಿಯಾಗಿ ತೊಳೆದರೆ ಬರುವುದು ಒಗರು. ಹಾಗಲಕಾಯಿಗೂ ಬಾಳೆಕಾಯಿಗೂ ವ್ಯತ್ಯಾಸ ಬಲ್ಲ ಯಾವ ಕನ್ನಡಿಗನೂ ಇವೆರಡನ್ನು ಬೆರೆಸಲಾರ.

ಇನ್ನೊಂದು ತೊಂದರೆ ಗುಟುಕಿನದು. ಎರಡು ಗುಟುಕಿನಲ್ಲಿ ಗೆಲ್ಲುವುದು ಶೇ. 10ರ ಇಂಪೀರಿಯಲ್ ಸ್ಟೌಟ್. ಇಂಗ್ಲೆಂಡಿನ ಶೇ. 4ರ ಸಾಧಾರಣ ಬಿಟರ್ ಅದರ ಪಕ್ಕದಲ್ಲಿ ಸಪ್ಪೆ ಎನಿಸುತ್ತದೆ. ಆದರೆ ಸಂಜೆಯೆಲ್ಲ ಕೂತು ಮಾತಾಡುತ್ತ ಕುಡಿಯಲು ಹಿತವಾದದ್ದು ಆ ಬಿಟರೇ. ಅನ್‌ಟ್ಯಾಪ್ಡ್‌ನಂಥ ಆ್ಯಪ್‌ಗಳಲ್ಲಿ ಇದು ಇನ್ನೂ ಹೆಚ್ಚು. ಗಡಸು ಬಿಯರಿಗೂ ಸುಲಭಕ್ಕೆ ಸಿಗದ ಬಿಯರಿಗೂ ನಕ್ಷತ್ರ ಧಾರಾಳ, ಕಾರಣ ಬರೆಯುವವರು ಕಡಿಮೆ.

ಅಂಗಡಿಯ ಕ್ರಾಫ್ಟ್ ಬಿಯರಿನ ಜೊತೆ ಹೋಲಿಸುವಾಗಲೂ ಎಚ್ಚರ ಬೇಕು. ಅಮೆರಿಕನ್ ಪೇಲ್ ಏಲ್‌ಗೆ ಸಾಮಾನ್ಯವಾಗಿ ಮಾದರಿಯಾಗಿಡುವುದು 1980ರಿಂದ ಬರುತ್ತಿರುವ ಸಿಯೆರಾ ನೆವಾಡಾವನ್ನು. ಅದನ್ನು ಕಟ್ಟಿದ ಕೆನ್ ಗ್ರಾಸ್‌ಮನ್ ಕೂಡ ಮನೆಯಲ್ಲಿ ಬಿಯರ್ ಮಾಡುತ್ತಲೇ ಕಲಿತವರು. ಆದರೆ ತಿಂಗಳುಗಟ್ಟಲೆ ಶೆಲ್ಫಿನ ಮೇಲಿದ್ದ ಬಾಟಲಿಯಲ್ಲಿ ಹಾಪ್ಸ್ ಪರಿಮಳ ಇಳಿದಿರುತ್ತದೆ. ಮೂರು ವಾರದ ಮನೆಯ ಬಿಯರನ್ನು ಅದರ ಪಕ್ಕದಲ್ಲಿಟ್ಟು ‘ನಮ್ಮದೇ ಮೇಲು’ ಎನ್ನುವುದು ಮಾರ್ಚ್ 31ರ ಲೆಕ್ಕವನ್ನು ಡಿಸೆಂಬರಿನದಕ್ಕೆ ತಾಳೆ ಹಾಕಿದಂತೆ.

ಹಾಗೆಂದು ಹಾಳೆಯನ್ನು ಹರಿದುಹಾಕಬೇಕಿಲ್ಲ. ಅದರಲ್ಲಿ 21ರಿಂದ 29 ಬಂದದ್ದಕ್ಕೂ ‘ಗುಡ್’ ಎಂದೇ ಹೆಸರು, ವಿವರಣೆ ಮಾತ್ರ ಶೈಲಿಯ ಗುರಿ ತಪ್ಪಿದೆ ಎನ್ನುತ್ತದೆ. 24 ಪಡೆದ ಹೊಸಬನಿಗೆ ಆ ಸೌಜನ್ಯದ ಪದದಿಂದ ಏನೂ ಸಿಗುವುದಿಲ್ಲ. ಯೀಸ್ಟಿಗೆ ಇನ್ನೂ ನಾಲ್ಕು ದಿನ ಕೊಡು ಎಂಬ ಒಂದು ಸಾಲು ಸಿಕ್ಕರೆ ಮುಂದಿನ ತಿಂಗಳು ಅವನು ಮತ್ತೆ ಬರುತ್ತಾನೆ. ಸಿಗದಿದ್ದರೆ ಆ ಪಾತ್ರೆ ಗ್ಯಾರೇಜಿನ ಮೂಲೆ ಸೇರುತ್ತದೆ.

ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಕೂತು ಅಂಕ ಹಾಕುವವರಿಗೂ ಇದನ್ನೇ ಹೇಳುತ್ತೇನೆ. ಹಗುರದ್ದರಿಂದ ಗಡಸಿನ ಕಡೆಗೆ ಹೋಗಿ. ಹೆಸರು ಮುಚ್ಚಿಡಿ. ಮಾತಾಡುವ ಮೊದಲು ಬರೆಯಿರಿ. ಎರಡು ಲೋಟಕ್ಕೆ ಒಂದನ್ನೇ, ಮೂರನೆಯದಕ್ಕೆ ಇನ್ನೊಂದನ್ನು ಸುರಿದು ಬೇರೆಯದು ಯಾವುದೆಂದು ಕೇಳಿ ನೋಡಿ. ಕಣ್ಣುಮುಚ್ಚಿ ಹೇಳಿದರೂ ಮೂರರಲ್ಲೊಮ್ಮೆ ಸರಿಯಾಗುತ್ತದೆ, ಆದ್ದರಿಂದ ಒಂದು ಸಲಕ್ಕೆ ಬೀಗಬೇಡಿ. ಕೊನೆಗೆ ಹಾಳೆಯಲ್ಲಿಲ್ಲದ ಒಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಿ: ಇದನ್ನೇ ಇನ್ನೊಂದು ಲೋಟ ಕೊಟ್ಟರೆ ಕುಡಿಯುತ್ತೀರಾ?