ಹೆಸರಿಲ್ಲದ ಹೆಂಗಸು

ದೇವ್ ಬೆನೆಗಲ್ ಅವರ ಹಿಂದಿ ಚಿತ್ರ ‘ರೋಡ್, ಮೂವಿ’ (2009). ಅಪ್ಪನ ತಲೆಯೆಣ್ಣೆ ವ್ಯಾಪಾರ ಬೇಡವೆಂದ ವಿಷ್ಣು 1942ರ ಷೆವರ್ಲೆ ಲಾರಿಯೊಂದನ್ನು ರಾಜಸ್ಥಾನದ ಕಡೆಯ ಮರುಭೂಮಿಯಲ್ಲಿ ಓಡಿಸಿಕೊಂಡು ಹೊರಡುತ್ತಾನೆ. ಲಾರಿಯೊಳಗಿರುವುದು ಟೂರಿಂಗ್ ಟಾಕೀಸು. ಕೆಟ್ಟು ನಿಲ್ಲುವ ಆ ಮುದಿ ಲಾರಿಯ ಮೇಲೆ ನಿರ್ದೇಶಕರಿಗೆ ಎಷ್ಟು ಅಕ್ಕರೆ! ಬಯಲಿನಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುವ ದೃಶ್ಯಗಳಂತೂ, ಟೆಂಟಿನ ಮರಳಲ್ಲಿ ಕೂತು ಚಿತ್ರ ನೋಡಿದ ನಮ್ಮಂಥವರಿಗೆ ಹಬ್ಬವೇ.

ಆದರೆ ದಾರಿಯಲ್ಲಿ ಲಾರಿ ಹತ್ತುವ ಹೆಂಗಸು ನೀರು ಹುಡುಕಿ ಹೊರಟವಳು. ಅಗ್ರಹಾರದ ವಠಾರದಲ್ಲಿ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಬೆಳೆದ ನನಗೆ ಕಥೆ ಅವಳದೇ ಅನ್ನಿಸಿತು. ಲಾರಿಗೆ ಕಂಪನಿಯಿದೆ, ಇಸವಿಯಿದೆ. ಅವಳಿಗೆ ಹೆಸರೂ ಇಲ್ಲ. ವಿಷ್ಣುವಿಗೆ ಬುದ್ಧಿ ಬರಲಿಕ್ಕೆ ಸಿಕ್ಕಿದವಳು, ಅಷ್ಟೇ. ಪಾತ್ರ ಮಾಡಿದ ತನಿಷ್ಠಾ ಚಟರ್ಜಿ ಮಾತ್ರ ಆ ಬಾಯಾರಿಕೆಯನ್ನು ಕಣ್ಣಲ್ಲೇ ಹಿಡಿದಿದ್ದಾರೆ. ಅವರಿಗಾಗಿಯಾದರೂ ಒಮ್ಮೆ ನೋಡಿ.